ದ್ರೋಹ ಯಾರಿಗೆ?

ದ್ರೋಹ ಎಂದರೆ ಸಾಲದು, ಯಾರಿಗೆ ಎಂದೂ ಹೇಳಬೇಕು. ಮಿತ್ರದ್ರೋಹದಲ್ಲಿ ಮಿತ್ರನಿದ್ದಾನೆ, ಸ್ವಾಮಿದ್ರೋಹದಲ್ಲಿ ಸ್ವಾಮಿ. 1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ 124ಎ ಕಲಂ ಪ್ರಕಾರ ಅಪರಾಧವೆಂದರೆ ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದು. ಅದಕ್ಕೆ ‘ರಾಜದ್ರೋಹ’ ಎಂಬ ಹಳೆಯ ಪದವೇ ಸರಿ. 1908ರಲ್ಲಿ ಮುಂಬೈ ಹೈಕೋರ್ಟು ತಿಲಕರಿಗೆ ಆರು ವರ್ಷ ಶಿಕ್ಷೆ ಕೊಟ್ಟದ್ದು ಇದೇ ಕಲಮಿನಡಿ. ಅವರನ್ನು ದೇಶದ್ರೋಹಿ ಎನ್ನಲು ಯಾರಿಗೆ ನಾಲಗೆ ಬಂದೀತು?

ಆದರೂ ಅದೇ ಕಲಮಿನ ಮೊಕದ್ದಮೆಗಳನ್ನು ನಮ್ಮ ಪತ್ರಿಕೆ, ಟಿವಿಗಳು ಸಲೀಸಾಗಿ ‘ದೇಶದ್ರೋಹ’ ಎಂದವು. ವಿಚಾರಣೆಗೆ ಮೊದಲೇ ಆ ಅನುವಾದ ತೀರ್ಪು ಕೊಟ್ಟುಬಿಟ್ಟಿತು: ಸರ್ಕಾರವೇ ದೇಶ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಬಂದಿದೆ. ಅದು ಸರ್ಕಾರದ ಬದಲು ದೇಶದ ಸಾರ್ವಭೌಮತೆ, ಏಕತೆಯ ಹೆಸರು ಹೇಳುತ್ತದೆ. ಹಾಗಾಗಿ ಸುದ್ದಿ ಬರೆಯುವವರು ಈಗ ಇನ್ನಷ್ಟು ಎಚ್ಚರದಿಂದ ಪದ ಆರಿಸಬೇಕು. ಮಂತ್ರಿಯನ್ನು ಬೈದವನು ಬೈದದ್ದು ಮಂತ್ರಿಯನ್ನಷ್ಟೇ.