ಗಡಿಯ ಪರವಾಗಿ ಮಾತಾಡುವವರು ಯಾರು? ಹೊಸೂರಿನಲ್ಲಿ ಕೂತು ನೋಡಿದ ಎರಡು ಸಿನಿಮಾ

ಧ್ವನಿ ಕೇಳಿಸ್ತಿದೆ ಅಂದುಕೊಳ್ತೇನೆ. ಸಾಮಾಜಿಕ ಕಾಳಜಿಯ ಕನ್ನಡ ಚಿತ್ರಗಳು ಅನ್ನೋದು ನನಗೆ ಕೊಟ್ಟಿರುವ ವಿಷಯ. 'ನಾಂದಿ'ಯಿಂದ (1964) ಶುರುಮಾಡಿ 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ' ಅಂತ ಪಟ್ಟಿ ಓದುತ್ತಾ ಹೋದರೆ ಕೊಟ್ಟಿರುವ ಸಮಯ ಅದಕ್ಕೇ ಮುಗಿದುಹೋಗುತ್ತದೆ. ಆ ಕೆಲಸವನ್ನು ಬೇರೆಯವರು ಚೆನ್ನಾಗಿಯೇ ಮಾಡಿದ್ದಾರೆ. ನಾನು ಎರಡೇ ಚಿತ್ರಗಳನ್ನು ಇಟ್ಟುಕೊಳ್ತೇನೆ. ಒಂದು, ಎಂ.ಎಸ್. ಸತ್ಯು ಅವರ 'ಬರ' (1982). ಇನ್ನೊಂದು, ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018). ಎರಡರಲ್ಲೂ ಅನಂತನಾಗ್ ಇದ್ದಾರೆ. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

'ಬರ' ಯು.ಆರ್. ಅನಂತಮೂರ್ತಿ ಅವರ ಕತೆಯಿಂದ ಬಂದದ್ದು. ನಡೆಯುವ ಜಾಗ ಬೀದರ್. ಆದರ್ಶ ಇಟ್ಟುಕೊಂಡ ಜಿಲ್ಲಾಧಿಕಾರಿ, ತನ್ನ ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸಬೇಕು ಅಂತಾನೆ. ಆದರೆ ಬರ ಇದೆಯೋ ಇಲ್ಲವೋ ಅನ್ನೋದನ್ನು ತೀರ್ಮಾನಿಸೋದು ಮಳೆಯಲ್ಲ, ರಾಜಕೀಯ. ಕೊನೆಗೆ ಗಲಭೆ ಆಗುತ್ತದೆ. ಅಧಿಕಾರಿಯ ಒಳ್ಳೆಯತನ ಯಾವುದನ್ನೂ ತಡೆಯಲಾರದು. ಮೂವತ್ತಾರು ವರ್ಷದ ನಂತರ ಅದೇ ನಟ ಕಾಸರಗೋಡಿಗೆ ಬರುತ್ತಾರೆ, ಅನಂತಪದ್ಮನಾಭ ಅನ್ನುವ ಪಾತ್ರವಾಗಿ. ಕನ್ನಡ ಶಾಲೆಗೆ ಕನ್ನಡವೇ ಬಾರದ ಮಲಯಾಳಿ ಮೇಷ್ಟ್ರನ್ನು ಹಾಕಿದ್ದಾರೆ, ಶಾಲೆ ಮುಚ್ಚುವ ಹುನ್ನಾರ ನಡೆದಿದೆ, ಮಕ್ಕಳಿಗೆ ದಿಕ್ಕಿಲ್ಲ. ಇವರು ಬಂದು ನ್ಯಾಯಾಲಯದಲ್ಲಿ ನಿಂತು ವಾದ ಮಾಡುತ್ತಾರೆ, ಗೆಲ್ಲುತ್ತಾರೆ. ಬೀದರಿನಲ್ಲಿ ಸೋತವನು ಕಾಸರಗೋಡಿನಲ್ಲಿ ಗೆದ್ದ. ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದದ್ದು ಸಹಜವೇ. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಎರಡೂ ಕಡೆ ಗಡಿಜಿಲ್ಲೆಯ ಪರವಾಗಿ ಮಾತಾಡುವವನು ಹೊರಗಿನಿಂದ ಬಂದವನು. ಓದಿದವನು, ಒಳ್ಳೆಯವನು, ಮಾತು ಬಲ್ಲವನು. 'ಬರ' ಈ ವ್ಯವಸ್ಥೆಯನ್ನು ಅನುಮಾನಿಸುತ್ತದೆ. ಹೊರಗಿನಿಂದ ಬಂದವನಿಗೆ ಊರು ಅರ್ಥವಾಗೋದಿಲ್ಲ ಅನ್ನೋದೇ ಅದರ ಕತೆ. 'ಸರ್ಕಾರಿ ಶಾಲೆ' ಅದನ್ನು ಸಂಭ್ರಮಿಸುತ್ತದೆ. ಹಾಗಾಗಿ ಹೆಚ್ಚು ನಗಿಸುವ, ಹೆಚ್ಚು ಜನ ನೋಡಿದ ಈ ಚಿತ್ರವೇ ನನ್ನ ಕಣ್ಣಿಗೆ ಹೆಚ್ಚು ಹಿಂಜರಿದ ಚಿತ್ರ.

ಇದನ್ನು ಕೇಳಿ ಕೆಲವರಿಗೆ ಬೇಜಾರಾಗಬಹುದು. ಮೊದಲರ್ಧ ನನಗೂ ಬಹಳ ಇಷ್ಟ. ಆ ಹುಡುಗರ ಮಾತು ಕೇಳಿ! ಪುಸ್ತಕದ ಕನ್ನಡ ಅಲ್ಲ, ಬೆಂಗಳೂರಿನ ಕನ್ನಡ ಅಲ್ಲ, ತುಳು ಮಲಯಾಳ ಎರಡನ್ನೂ ಪಕ್ಕದಲ್ಲೇ ಇಟ್ಟುಕೊಂಡು ಬೆಳೆದ ಕನ್ನಡ. ಆದರೆ ನ್ಯಾಯಾಲಯದ ಹೊತ್ತಿಗೆ ಆ ಮಾತು ಹಿಂದಕ್ಕೆ ಸರಿಯುತ್ತದೆ. ಕಾಸರಗೋಡಿನ ಕನ್ನಡವನ್ನು ಉಳಿಸುವ ವಾದ ನಮಗೆ ಕೇಳಿಸೋದು ಘಟ್ಟದ ಮೇಲಿನ ಶುದ್ಧ ಕನ್ನಡದಲ್ಲಿ. ಮಕ್ಕಳು ಬೆಂಚಿನಲ್ಲಿ ಕೂತು ನೋಡುವ ಪ್ರೇಕ್ಷಕರಾಗಿಬಿಡ್ತಾರೆ.

ಇನ್ನು ಹೊಸೂರಿಗೆ ಬರ್ತೇನೆ. ಈ ಚಿತ್ರ ಬಂದಾಗ ನಮ್ಮ ಕಡೆಯವರು "ಇದು ನಮ್ಮದೇ ಕತೆ" ಅಂದರು. ನನಗೆ ಹಾಗನ್ನಿಸಲಿಲ್ಲ. ಕಾಸರಗೋಡು 1956ರಲ್ಲಿ ದಕ್ಷಿಣ ಕನ್ನಡದಿಂದ ಕತ್ತರಿಸಿ ಕೇರಳಕ್ಕೆ ಹೋದದ್ದು. ಅಲ್ಲಿ ಕಯ್ಯಾರ ಕಿಞ್ಞಣ್ಣ ರೈ ಅಂಥವರು ನಡೆಸಿದ ಹೋರಾಟ ಇದೆ. ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರಿಗೆ ಸೇರಬೇಕು ಅಂತ 1967ರ ಮಹಾಜನ ವರದಿಯಲ್ಲೇ ಬರೆದಿದೆ. ಅಂದರೆ ಕಳೆದುಕೊಂಡದ್ದಕ್ಕೆ ಕಾಗದ ಇದೆ. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು, 1956ರಲ್ಲೂ ಅಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿಗೆ ಹೋಯಿತು, 2004ರಲ್ಲಿ ಕೃಷ್ಣಗಿರಿಗೆ. ಮಹಾಜನ ಆಯೋಗದ ವ್ಯಾಪ್ತಿಗೆ ತಮಿಳುನಾಡಿನ ಗಡಿ ಬರಲೇ ಇಲ್ಲ. ನಮ್ಮಲ್ಲಿ ತೋರಿಸಿಕೊಳ್ಳೋಕೆ ಅಂಥ ಗಾಯ ಇಲ್ಲ. ಗಾಯ ಇಲ್ಲದ ಕಡೆಗೆ ಸಿನಿಮಾ ಬರೋದೂ ಇಲ್ಲ, ಅದು ಬೇರೆ ಮಾತು.

ಜೊತೆಗೆ ಭಾಷೆ ಇಲ್ಲಿ ಎರಡು ಬಣ ಆಗಿ ನಿಂತಿಲ್ಲ. ತಳಿ, ಬಾಗಲೂರು, ಬೇರಿಗೈ, ದೇನಕನಿಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಅಮ್ಮನ ಭಾಷೆ ತೆಲುಗು, ಅಪ್ಪನದು ಕನ್ನಡ. ತಾಲ್ಲೂಕು ಕಚೇರಿಯಲ್ಲಿ ತಮಿಳು, ಸಿಪ್‌ಕಾಟ್ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಇಂಗ್ಲಿಷು. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ತಿರುಗಿ ತಮಿಳಿನಲ್ಲಿ ಮುಗಿಯುತ್ತದೆ, ಯಾರಿಗೂ ಅದು ಗೊತ್ತಾಗೋದೇ ಇಲ್ಲ. ಇಲ್ಲಿ ಮಲಯಾಳಿ ಮೇಷ್ಟ್ರ ಪಾತ್ರಕ್ಕೆ ಯಾರನ್ನು ಹಾಕ್ತೀರಿ? ತಮಿಳು ಮೇಷ್ಟ್ರಿಗೆ ಕನ್ನಡ ಬರುತ್ತದೆ, ಕನ್ನಡ ಮೇಷ್ಟ್ರಿಗೆ ತಮಿಳು ಬರುತ್ತದೆ. ಹಾಸ್ಯವೂ ಹುಟ್ಟೋದಿಲ್ಲ, ಖಳನೂ ಹುಟ್ಟೋದಿಲ್ಲ.

ಹಾಗಂತ ತೊಂದರೆ ಇಲ್ಲ ಅಂತಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಹೇಗೆ ಕೆಲಸ ಮಾಡಿತು ಅಂತ ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಯಾಕಂದ್ರೆ ಸಿನಿಮಾ ಇರೋದು ಅಲ್ಲೇ. 2006-07ರಲ್ಲಿ ಒಂದನೇ ತರಗತಿಗೆ ತಮಿಳು ಕಡ್ಡಾಯ ಆಯಿತು. ಮುಂದಿನ ವರ್ಷ ಎರಡನೆಯದಕ್ಕೆ. ಹೀಗೆ ಮಗುವಿನ ಜೊತೆಗೇ ಕಾಯ್ದೆಯೂ ಒಂದೊಂದು ತರಗತಿ ಪಾಸಾಗುತ್ತಾ ಬಂತು. 2015-16ರಲ್ಲಿ ಹತ್ತನೇ ತರಗತಿಯ ಬಾಗಿಲಿಗೆ ಬಂದಾಗ ಕನ್ನಡ, ತೆಲುಗು, ಉರ್ದು ಶಾಲೆಗಳ ಮಕ್ಕಳು ತಮಿಳು ಪತ್ರಿಕೆ ಬರೆಯಬೇಕಾಯಿತು. ಮದ್ರಾಸ್ ಹೈಕೋರ್ಟಿನಿಂದ ವಿನಾಯಿತಿ ಬಂತು. ಮತ್ತೆ ಕೇಳಬೇಕಾಯಿತು. 2023ರಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಪರೀಕ್ಷೆಗೆ ವಿನಾಯಿತಿ ಕೊಟ್ಟಿತು.

ಈಗ 'ಸರ್ಕಾರಿ ಶಾಲೆ'ಯ ನ್ಯಾಯಾಲಯದ ದೃಶ್ಯವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಂದು ದಿನ, ಒಂದು ಭಾಷಣ, ಒಂದು ತೀರ್ಪು. ಇಲ್ಲಿ ಒಂದು ಬ್ಯಾಚಿಗೆ ಒಂದು ಆದೇಶ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಅನ್ನುತ್ತದೆ. ಹತ್ತನೇ ತರಗತಿಯ ಹುಡುಗಿ ಏನು ಮಾಡಬೇಕು ಅಂತ ಅದು ಹೇಳೋದಿಲ್ಲ. ಆ ಹುಡುಗಿ ಜನವರಿಯಲ್ಲೂ ತಮಿಳು ಓದಬೇಕೋ ಬೇಡವೋ ಗೊತ್ತಿಲ್ಲದೆ ಕೂತಿರ್ತಾಳೆ. ಅಪ್ಪ ಇದೆಲ್ಲ ನೋಡಿ, ತಮ್ಮನನ್ನು ಮೊದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಬಿಡ್ತಾನೆ. ಯಾರೂ ಬೀಗ ಹಾಕದೆ ಶಾಲೆ ಖಾಲಿಯಾಗುತ್ತದೆ. ಈ ಕಾಯುವಿಕೆಯನ್ನು, ಈ ಅಪ್ಪನ ಲೆಕ್ಕಾಚಾರವನ್ನು ಕನ್ನಡ ಸಿನಿಮಾ ಹೇಗೆ ತೋರಿಸುತ್ತದೆ? ಕ್ಲೈಮ್ಯಾಕ್ಸಿಗೆ ಬರುವ ವಕೀಲನಿಂದ ಆಗೋದಿಲ್ಲ. ಅಪ್ಪನನ್ನು ಭಾಷಾದ್ರೋಹಿ ಅಂತ ತೋರಿಸಿದರಂತೂ ಅನ್ಯಾಯ. ದಿನಾ ಜೂಜುವಾಡಿ ದಾಟಿ ಅತ್ತಿಬೆಲೆ ಕಡೆ ಕೆಲಸಕ್ಕೆ ಹೋಗುವವನು ಅವನು. ಕಾವೇರಿ ಗಲಾಟೆ ಎದ್ದಾಗ ಬಸ್ಸು ಅಲ್ಲೇ ನಿಲ್ಲುತ್ತದೆ, ಗಡಿಯನ್ನು ಅವನು ನಡೆದೇ ದಾಟಬೇಕು. ಆ ಹೊತ್ತಿನಲ್ಲಿ ಆಚೆ ಅವನು ತಮಿಳುನಾಡಿನವನು, ಈಚೆ ಕನ್ನಡದವನು.

ಹಾಗಾದರೆ ದಾರಿ ಎಲ್ಲಿದೆ ಅಂತ ಕೇಳಿದರೆ ನಾನು 'ತಿಥಿ'ಯ ಕಡೆ ಕೈ ತೋರಿಸ್ತೇನೆ. ರಾಮ್ ರೆಡ್ಡಿ ಅವರ ಆ ಚಿತ್ರಕ್ಕೆ 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಬಂತು. ಅದಕ್ಕೂ ಭಾಷಾ ಸಮಸ್ಯೆಗೂ ಸಂಬಂಧ ಇಲ್ಲ, ನಿಜ. ಆದರೆ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಅಲ್ಲಿ ನಟರು. ಜಮೀನು, ಸಾಲ, ಸುಳ್ಳು ದಾಖಲೆ ಎಲ್ಲ ಇದೆ, ಊರ ಪರವಾಗಿ ಮಾತಾಡುವ ಒಬ್ಬನೂ ಇಲ್ಲ. ಗಡ್ಡಪ್ಪ ಯಾರಿಗೂ ಏನನ್ನೂ ವಿವರಿಸೋದಿಲ್ಲ, ನಡೀತಾ ಹೋಗ್ತಾನೆ. ನಾವು ಹಿಂದೆ ಹೋಗಬೇಕು. ನಟೇಶ್ ಹೆಗಡೆ ಅವರ 'ಪೆಡ್ರೊ' (2021) ಕೂಡ ಇದೇ ಜಾತಿಯದು, ಸ್ವಲ್ಪ ಹೆಚ್ಚು ಬಿಗಿ.

ಇಂಥ ಕ್ಯಾಮೆರಾ ಒಂದು ವರ್ಷ ದೇನಕನಿಕೋಟೆಯ ಒಂದು ಕನ್ನಡ ಶಾಲೆಯಲ್ಲಿ ಕೂರಲಿ, ಮೂರು ಭಾಷೆ ಬೆರೆತ ಆ ಮಾತನ್ನು ತಿದ್ದದೆ, ಅಡಿಬರಹ ಹಾಕಿಯಾದರೂ ಸರಿ, ಕೇಳಿಸಲಿ ಅನ್ನೋದು ನನ್ನ ಬೇಡಿಕೆ. ಅಡಿಬರಹ ಹಾಕಿದರೆ ಕನ್ನಡ ಚಿತ್ರ ಹೇಗಾಯಿತು ಅಂತ ನಿರ್ಮಾಪಕರು ಕೇಳ್ತಾರೆ. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿ, ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣ ಮಾಡಿದ 'ಸಂಸ್ಕಾರ'ವನ್ನು ನಾವು ಕನ್ನಡದ ಹೊಸ ಅಲೆಯ ಮೊದಲ ಹೆಸರು ಅಂತ ಈಗಲೂ ಹೇಳ್ತೇವಲ್ಲ, ಅದನ್ನು ಅವರಿಗೆ ನೆನಪಿಸಬಹುದು. ನನ್ನ ಸಮಯ ಆಯಿತು, ಪ್ರಶ್ನೆಗಳಿದ್ದರೆ ತೆಗೆದುಕೊಳ್ತೇನೆ.