ಕಂಡವಳ ಪಾಡು

ಕಿಟ್ಟಿ ಗ್ರೀನ್ ನಿರ್ದೇಶಿಸಿದ ‘ದಿ ಅಸಿಸ್ಟೆಂಟ್’ (2019) ಚಿತ್ರದಲ್ಲಿ ಬಾಸ್‌ನ ಮುಖ ಒಮ್ಮೆಯೂ ಕಾಣುವುದಿಲ್ಲ. ಗೋಡೆಯಾಚೆಯಿಂದ, ಫೋನಿನೊಳಗಿಂದ ಅವನ ಗದರಿಕೆಯಷ್ಟೇ ಕೇಳುತ್ತದೆ. ಹಾಲಿವುಡ್ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್‌ನ ಲೈಂಗಿಕ ದೌರ್ಜನ್ಯದ ಹಗರಣ 2017ರಲ್ಲಿ ಬಯಲಾದ ಬೆನ್ನಿಗೇ ಬಂದ ಚಿತ್ರವಿದು. ಆದರೂ ದುಷ್ಟನ ಬೆನ್ನು ಹತ್ತದೆ, ಅವನ ಕ್ಯಾಬಿನ್ನಿನ ಹೊರಗೆ ಕೂತ ಕಿರಿಯ ಸಹಾಯಕಿ ಜೇನ್‌ಳ ಒಂದೇ ದಿನವನ್ನು ಹಿಡಿದು ಕೂತಿದೆ. ಅದರ ಗಟ್ಟಿತನ ಇರುವುದೇ ಅಲ್ಲಿ. ಕಚೇರಿಯ ದಬ್ಬಾಳಿಕೆ ಎಂದರೆ ನಮಗೆ ಬೈದವರು, ಬೈಸಿಕೊಂಡವರು ಇಬ್ಬರೇ ನೆನಪಾಗುತ್ತಾರೆ. ಪಕ್ಕದ ಮೇಜಿನವರ ಗತಿಯೇನಾಯಿತೆಂದು ಯಾರೂ ಕೇಳುವುದಿಲ್ಲ.

ಬೆಳಕು ಹರಿಯುವ ಮುಂಚೆಯೇ ಜೇನ್ ನ್ಯೂಯಾರ್ಕಿನ ಆ ಸಿನಿಮಾ ಕಚೇರಿಗೆ ಬಂದು ದೀಪ ಹಾಕುತ್ತಾಳೆ, ಪ್ರಿಂಟ್ ತೆಗೆಯುತ್ತಾಳೆ, ಬಾಸ್‌ನ ಸೋಫಾದ ಮೇಲಿನ ಕಲೆ ತಿಕ್ಕುತ್ತಾಳೆ. ನೆಲಕ್ಕೆ ಬಿದ್ದ ಯಾರದೋ ಕಿವಿಯೋಲೆಯನ್ನು ಎತ್ತಿಡುತ್ತಾಳೆ. ಎಲ್ಲವೂ ದಿನದ ಕೆಲಸವೇ. ನಾನು ನೋಡಿದೆನಷ್ಟೇ ಎಂದು ದೂರ ನಿಲ್ಲಲು ಅವಳಿಗೆ ಸಾಧ್ಯವೇ ಇಲ್ಲ. ಕುರುಹು ಅಳಿಸುತ್ತಿರುವುದು ಅವಳ ಕೈಯೇ. ಜೇನ್ ಪಾತ್ರದ ಜೂಲಿಯಾ ಗಾರ್ನರ್ ಇದನ್ನು ಮಾತಿಲ್ಲದೆ, ಮೈ ಕುಗ್ಗಿಸಿಕೊಂಡೇ ತೋರಿಸುತ್ತಾರೆ.

ಅನುಭವವೇ ಇಲ್ಲದ ಹುಡುಗಿಯೊಬ್ಬಳನ್ನು ಬಾಸ್ ಕೆಲಸಕ್ಕೆಂದು ಐಡಹೋದಿಂದ ಕರೆಸಿ ದುಬಾರಿ ಹೋಟೆಲಿನಲ್ಲಿ ಇಳಿಸಿದಾಗ ಜೇನ್ ಎಚ್‌ಆರ್ ಬಳಿ ಹೋಗುತ್ತಾಳೆ. ಇಡೀ ಚಿತ್ರದ ಜೀವ ಈ ದೃಶ್ಯ. ಮ್ಯಾಥ್ಯೂ ಮ್ಯಾಕ್‌ಫೇಡಿಯನ್ ನಟಿಸಿದ ಎಚ್‌ಆರ್ ಅಧಿಕಾರಿ ಕೂಗಾಡುವುದಿಲ್ಲ. ಕಣ್ಣಾರೆ ಕಂಡದ್ದೇನು ಎಂದು ನಯವಾಗಿ ಕೇಳುತ್ತಾನೆ. ಒಂದೊಂದೇ ಬಿಡಿಸಿ ಹೇಳಿದಾಗ ಕಿವಿಯೋಲೆ, ಹೋಟೆಲು ಎಲ್ಲವೂ ಕ್ಷುಲ್ಲಕವಾಗಿ ಕೇಳಿಸತೊಡಗುತ್ತವೆ. ಆಮೇಲೆ ಅವಳ ಮುಂದಿನ ಕನಸುಗಳ ವಿಚಾರಣೆ. ಬಾಗಿಲ ಬಳಿ ಸಮಾಧಾನವೆಂಬಂತೆ ಹೇಳುತ್ತಾನೆ, ನೀನು ಹೆದರಬೇಕಿಲ್ಲ, ಅವನಿಗೆ ಇಷ್ಟವಾಗುವ ಬಗೆಯವಳಲ್ಲ ನೀನು. ಸಾಕ್ಷಿ ಹೇಳಲು ಬಂದವಳು ಹೊಟ್ಟೆಕಿಚ್ಚಿನವಳೆನಿಸಿಕೊಂಡು ಹೊರಡುತ್ತಾಳೆ. ದೂರು ಕೊಟ್ಟವರನ್ನು ದೂರಿಗಿಂತ ಸಣ್ಣವರನ್ನಾಗಿ ಮಾಡುವ ಈ ವಿದ್ಯೆಯನ್ನು ಇಷ್ಟು ನಿಖರವಾಗಿ ತೋರಿಸಿದ ಬೇರೆ ಸಿನಿಮಾ ನಾನು ನೋಡಿಲ್ಲ.

ನನ್ನ ತಕರಾರಿರುವುದು ಜೇನ್ ಜೊತೆ ಕೆಲಸ ಮಾಡುವ ಇಬ್ಬರು ಸಹಾಯಕ ಹುಡುಗರ ವಿಷಯದಲ್ಲಿ. ಬಾಸ್‌ಗೆ ಅವಳು ಕ್ಷಮಾಪಣೆಯ ಮೇಲ್ ಬರೆಯುವಾಗ ಅವರು ಅವಳ ಹೆಗಲ ಹಿಂದೆ ನಿಂತು, ಬಾಯಿಪಾಠವಾದವರಂತೆ ವಾಕ್ಯ ಹೇಳಿಕೊಡುತ್ತಾರೆ. ಅವರು ಇಂಥವೆಷ್ಟು ಬರೆದಿರಬೇಕು! ಅವರೂ ಕಂಡವರೇ. ಜೇನ್‌ಳಿಗೆ ಇನ್ನೂ ನೋಯುತ್ತದೆ, ಇವರಿಗೆ ಮರಗಟ್ಟಿದೆ; ಎರಡನೆಯದು ಹೆಚ್ಚಿನ ಹಾನಿ ಎಂದೇ ನನಗೆ ಅನಿಸುತ್ತದೆ. ಚಿತ್ರ ಮಾತ್ರ ಅವರನ್ನು ಕಿರಿಕಿರಿ ಮಾಡುವ ಹುಡುಗರಾಗಿ ಕಂಡು ಸುಮ್ಮನಾಗುತ್ತದೆ. ಒಂದೂವರೆ ಗಂಟೆಯೊಳಗೆ ಅವರಲ್ಲೊಬ್ಬನಾದರೂ ಒಂಟಿಯಾಗಿ ಕೂತ ಒಂದು ನಿಮಿಷ ಸಿಕ್ಕಿದ್ದರೆ, ಜೇನ್ ಅದೇ ಕುರ್ಚಿಯಲ್ಲಿ ಉಳಿದರೆ ಏನಾಗುತ್ತಾಳೆ ಎಂಬುದೂ ನಮಗೆ ಕಾಣುತ್ತಿತ್ತು.