ಕುಶಾವತಿಯ ಹಾಸುಗಲ್ಲಿನ ಮೇಲೆ

ಗೋವೆಯ ಸಾಂಗೇ ತಾಲ್ಲೂಕಿನಲ್ಲಿ, ರಿವಣದಿಂದಾಚೆಗೆ ಕುಶಾವತಿ ನದಿಯು ತಿರುವಿ ಹರಿಯುವೆಡೆಯ ವಿಶಾಲವಾದ ಮುರಕಲ್ಲಿನ ಹಾಸಿನ ಮೇಲೆ, ಪ್ರಾಚೀನ ಮಾನವನು ನೂರಕ್ಕೂ ಮಿಕ್ಕ ಆಕೃತಿಗಳನ್ನು ಕೊರೆದಿಟ್ಟಿದ್ದಾನೆ. ಸ್ಥಳದ ಹೆಸರು ಉಸಗಾಳಿಮಳ, ಪಣಸಾಯಮಳವೆಂದೂ ಕರೆಯುವರು. ಊರವರಿಗೆ ಮೊದಲೇ ಪರಿಚಿತವಾಗಿದ್ದ ಈ ಆಕೃತಿಗಳು 1993ರಲ್ಲಿ ವಿದ್ವಾಂಸರ ದೃಷ್ಟಿಗೆ ಬಿದ್ದು, 2022ರಲ್ಲಿ ಕೊಂಕಣದ ಇತರ ಶಿಲಾಚಿತ್ರಗಳೊಡನೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ಕಾಲನಿರ್ಣಯದಲ್ಲಿ ಮಾತ್ರ ಒಮ್ಮತವಿಲ್ಲ. ಮಧ್ಯಶಿಲಾಯುಗದ್ದೆನ್ನುವವರಿಗೂ ಬಹಳ ಈಚಿನದೆನ್ನುವವರಿಗೂ ನಡುವೆ ಸಹಸ್ರಾರು ವರ್ಷಗಳ ಅಂತರವಿದೆ.

ಕರ್ನಾಟಕದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಕಂಡ ಕಣ್ಣಿಗೆ ಈ ಸ್ಥಳವು ಮೊದಲು ನಿರಾಶೆಯನ್ನೇ ಉಂಟುಮಾಡೀತು. ಅಲ್ಲಿ ಎದ್ದುನಿಂತ ಚಪ್ಪಡಿಗಳು ದೂರದಿಂದಲೇ ತಮ್ಮ ಇರವನ್ನು ಸಾರುತ್ತವೆ. ಇಲ್ಲಿಯೋ, ನಡುಹಗಲಿನಲ್ಲಿ ಬಂದವನಿಗೆ ಬರಿಯ ಬಂಡೆಯಲ್ಲದೆ ಮತ್ತೇನೂ ಕಾಣದು. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಗೀರುಗಳೊಳಗೆ ನೆರಳು ತುಂಬಿ, ಮೊದಲು ಗೂಳಿಯ ಹಿಣಿಲು, ಬಳಿಕ ಕೊಂಬಿನ ಬಾಗು, ಆಮೇಲೆ ಜಿಂಕೆ, ನವಿಲು, ಮಾನವರೂಪಗಳು ಒಂದೊಂದಾಗಿ ಮೈದೋರುತ್ತವೆ. ಚೌಕಟ್ಟಿಲ್ಲದ, ನೋಡಲು ನಿಯತವಾದ ನೆಲೆಯೊಂದಿಲ್ಲದ ಈ ಕೃತಿಯು ನೋಡುವವನನ್ನು ತನ್ನ ಸುತ್ತ ನಡೆಯಿಸಿಕೊಳ್ಳುತ್ತದೆ. ‘ಇದು ಗೂಳಿ, ಇದು ನವಿಲು’ ಎಂದು ಹೆಸರಿನಿಂದ ಹೆಸರಿಗೆ ಹಾರುತ್ತ ಅರ್ಧ ಗಂಟೆಯಲ್ಲಿ ಹಿಂದಿರುಗುವ ನಮ್ಮ ಪ್ರವಾಸಕ್ರಮಕ್ಕೆ ಇದು ಒಗ್ಗುವಂಥದಲ್ಲ.

ಈ ಹಾಸಿನ ಮೇಲಿನ ಏಳು ಸುತ್ತಿನ ಪ್ರಸಿದ್ಧ ವಲಯಾಕೃತಿಯನ್ನೇ ನೋಡಿ. ಹಳೇಬೀಡಿನ ಭಿತ್ತಿಯ ಅಭಿಮನ್ಯುವನ್ನು ನೆನೆದು ಕನ್ನಡಿಗನು ಇದನ್ನು ಒಡನೆಯೇ ಚಕ್ರವ್ಯೂಹವೆಂದುಬಿಡುವನು. ಹಾಗೆಂದೊಡನೆ ನೋಡುವುದೂ ನಿಂತುಹೋಗುವುದು. ವಾಸ್ತವವಾಗಿ ಈ ಬಗೆಯ ವಿನ್ಯಾಸದಲ್ಲಿ ಕವಲುಗಳೇ ಇಲ್ಲ. ಒಂದೇ ಹಾದಿಯು ಮಡಿಮಡಿಯಾಗಿ ಬಳಸಿ ನಡುವನ್ನು ಸೇರುವುದರಿಂದ, ಹೊಕ್ಕವನು ನಿರಾತಂಕವಾಗಿ ಹೊರಬರಬಲ್ಲನು. ಅಭಿಮನ್ಯುವಿನ ದುರಂತಕ್ಕೆ ಇಲ್ಲಿ ಎಡೆಯೆಲ್ಲಿ? ಕಥೆಯನ್ನು ಹೇರುವ ಮೊದಲು ಗೆರೆಯನ್ನು ಕಣ್ಣಿನಿಂದ ಹಿಂಬಾಲಿಸುವ ತಾಳ್ಮೆಯು ಬೇಕು.

ಆದರೆ ನಡೆದು ನೋಡಬೇಕಾದುದು ನಡೆದಷ್ಟೂ ಸವೆಯುವುದೆಂಬುದು ಈ ಕ್ಷೇತ್ರದ ಧರ್ಮಸಂಕಟ. ಮಳೆಗಾಲದ ಪ್ರವಾಹವೂ ಹೂಳೂ ಸಾಲದೆಂಬಂತೆ ಪಾದರಕ್ಷೆಗಳೂ ಮೆದುವಾದ ಮುರಕಲ್ಲನ್ನು ಉಜ್ಜುತ್ತವೆ. ಕೇಪೆ ತಾಲ್ಲೂಕಿನ ಕಾಜೂರಿನಲ್ಲಿ ದುದಾಫಾತರವೆಂಬ ಚಿತ್ರಾಂಕಿತ ಶಿಲೆಯನ್ನು ಗ್ರಾಮಸ್ಥರು ಪೂಜ್ಯವೆಂದು ಭಾವಿಸಿ ಸಮೀಪಿಸುತ್ತಾರೆ; ಆ ಮರ್ಯಾದೆಯ ಲವಲೇಶವೂ ಪ್ರವಾಸಿಗನಲ್ಲಿಲ್ಲ. ಬೇಲಿ ಕಟ್ಟಿ ದೂರದಿಂದ ತೋರಿಸುವುದನ್ನು ನಾನು ಒಪ್ಪಲಾರೆ, ಅದರಿಂದ ಕೃತಿಯ ಜೀವವೇ ಹೋಗುವುದು; ಚಪ್ಪಲಿಗಳನ್ನು ದಡದಲ್ಲಿ ಕಳಚಿರಿಸಿ, ಬೆಳಗಿನ ಹೊತ್ತಿನಲ್ಲಿ ನಾಲ್ಕಾರು ಮಂದಿಯನ್ನು ಮಾತ್ರ ಹಾಸಿನ ಮೇಲೆ ಬಿಡುವ ನಿಯಮವೊಂದು ಸಾಕು.